ಬೀಳೋದಾದ್ರೆ ಭೂಮಿ ಎಲ್ಲಿಗೆ ಬೀಳಬೇಕು? – ಭಾಸ್ಕರಾಚಾರ್ಯರ ಬದುಕು, ವಾದ

ಭೂಮಿ ಚಪ್ಪಟೆ ಅಂತ ನಂಬುವವರು ಈಗಲೂ ಇದ್ದಾರೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಗಂಟೆಗಟ್ಟಲೆ ವಿಡಿಯೋ ಸಿಗುತ್ತವೆ. ನೋಡಿ ನಾವು ನಗ್ತೀವಿ. ಆದರೆ ಉಪಗ್ರಹದ ಫೋಟೋ ತೋರಿಸದೆ, ನಾಸಾ ಹೆಸರು ಎತ್ತದೆ, ಭೂಮಿ ಗುಂಡಗಿದೆ ಅಂತ ಸಾಧಿಸಿ ಅಂದರೆ ನಮ್ಮಲ್ಲಿ ಎಷ್ಟು ಜನ ಗೆಲ್ತೀವಿ? ದೂರದರ್ಶಕವೇ ಇಲ್ಲದ ಕಾಲದಲ್ಲಿ, ಬರಿಗಣ್ಣು ಮತ್ತು ಲೆಕ್ಕ ಎರಡನ್ನೇ ನೆಚ್ಚಿ ಈ ವಾದ ಮಾಡಿದವರು ಭಾಸ್ಕರಾಚಾರ್ಯರು. ಈ ಸಲ ಅವರ ಕಥೆ.

ಭಾಸ್ಕರರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114. ಈ ಲೆಕ್ಕವನ್ನು ಅವರೇ ತಮ್ಮ ಗ್ರಂಥದಲ್ಲಿ ಕೊಟ್ಟಿದ್ದಾರೆ. ಆಗ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಳ್ವಿಕೆ. ಬಸವಣ್ಣನವರೂ ಇದೇ ಶತಮಾನದವರು. ಏಳನೇ ಶತಮಾನದಲ್ಲಿ ಇನ್ನೊಬ್ಬ ಭಾಸ್ಕರ ಇದ್ದದ್ದರಿಂದ ಇವರನ್ನು ಎರಡನೇ ಭಾಸ್ಕರ ಅಂತಾರೆ. ತಂದೆ ಮಹೇಶ್ವರರು ಜ್ಯೋತಿಷಿ, ಮಗನಿಗೆ ಅವರೇ ಗುರು. ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಅಂತ ಕನ್ನಡಿಗರ ವಾದ. ಇಲ್ಲ, ಮಹಾರಾಷ್ಟ್ರದ ಚಾಳೀಸ್‌ಗಾಂವ್ ಕಡೆಯದು ಅಂತ ಮರಾಠಿ ವಿದ್ವಾಂಸರ ವಾದ. ಈ ಜಗಳ ಇನ್ನೂ ಮುಗಿದಿಲ್ಲ.

ತಮ್ಮ 36ನೇ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತ ಶಿರೋಮಣಿ ಬರೆದು ಮುಗಿಸಿದರು. ಅದರಲ್ಲಿ ನಾಲ್ಕು ಭಾಗ: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ನಮಗೆಲ್ಲ ಗೊತ್ತಿರೋದು ಲೀಲಾವತಿ ಮಾತ್ರ. ಅದೂ ಮಗಳ ಮದುವೆ ಮುಹೂರ್ತ ತಪ್ಪಿಸಿದ ಮುತ್ತಿನ ಕಥೆಯಿಂದ. ಆ ಕಥೆ ಭಾಸ್ಕರರು ಬರೆದದ್ದಲ್ಲ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರ್ಸಿ ಅನುವಾದದಿಂದ ಅದು ಪ್ರಸಿದ್ಧವಾಯಿತು. ನಿಜವಾದ ಜಟಾಪಟಿ ಇರೋದು ಗೋಲಾಧ್ಯಾಯದಲ್ಲಿ.

ಆಗಿನ ನಂಬಿಕೆ ಹಲವು. ಭೂಮಿ ಕನ್ನಡಿಯಂತೆ ಚಪ್ಪಟೆ, ಮಧ್ಯದ ಮೇರು ಪರ್ವತದ ಹಿಂದೆ ಸೂರ್ಯ ಹೋದಾಗ ರಾತ್ರಿ ಅಂತ ಪುರಾಣದವರು. ಭಾಸ್ಕರರು ಕೇಳಿದ್ದು ಇಷ್ಟೇ: ಚಪ್ಪಟೆ ನೆಲದ ಮೇಲೆ ಎತ್ತರದಲ್ಲಿ ಸುತ್ತುವ ಸೂರ್ಯ ನಮಗೆ ಯಾವಾಗಲೂ ಯಾಕೆ ಕಾಣಲ್ಲ? ಮೇರು ಅಡ್ಡ ಬರುತ್ತೆ ಅಂದರೆ ಆ ಮೇರು ಯಾಕೆ ಕಾಣಲ್ಲ? ಮೇರು ಇರೋದು ಉತ್ತರಕ್ಕೆ. ಹಾಗಿದ್ದರೆ ವರ್ಷದ ಅರ್ಧ ಭಾಗ ಸೂರ್ಯ ಪೂರ್ವಕ್ಕಿಂತ ದಕ್ಷಿಣಕ್ಕೆ ಸರಿದು ಹುಟ್ಟೋದು ಹೇಗೆ?

ಎರಡು ಸೂರ್ಯ, ಎರಡು ಚಂದ್ರ ಸರದಿಯಂತೆ ಬರುತ್ತವೆ ಅಂತ ಜೈನರು. ಅದಕ್ಕೆ ಅವರು ಧ್ರುವದ ಸುತ್ತಲಿನ ಮೀನಿನಾಕಾರದ ನಕ್ಷತ್ರಗಳನ್ನು ತೋರಿಸಿದರು. ಅವು ಒಂದು ಹಗಲು-ರಾತ್ರಿಯಲ್ಲಿ ಪೂರ್ತಿ ಒಂದು ಸುತ್ತು ಹಾಕುತ್ತವೆ. ಇಡೀ ಆಕಾಶವೇ ದಿನಕ್ಕೊಂದು ಸುತ್ತು ಬರುವಾಗ ನಿನ್ನೆಯ ಸೂರ್ಯನೇ ಇವತ್ತೂ ಬರ್ತಾನೆ, ಇನ್ನೊಬ್ಬ ಯಾಕೆ ಬೇಕು?

ಭೂಮಿ ಕೆಳಗೆ ಬೀಳ್ತಾನೇ ಇದೆ ಅಂತ ಬೌದ್ಧರು. ಮೇಲೆಸೆದ ಭಾರದ ವಸ್ತು ಮತ್ತೆ ನೆಲಕ್ಕೆ ಬರೋದನ್ನು ಕಣ್ಣಾರೆ ಕಂಡೂ ಹೀಗೆ ಹೇಳ್ತೀರಲ್ಲ ಅಂತ ಭಾಸ್ಕರರ ಉತ್ತರ. ಫಸ್ಟ್ ಸೆಮ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಭೂಮಿಗೆ ಸೆಳೆತವೇ ಇಲ್ಲದೆ ನೆಲವೂ ಕಲ್ಲೂ ಒಟ್ಟಿಗೆ ಮುಕ್ತವಾಗಿ ಬೀಳುತ್ತಿದ್ದರೆ, ಮೇಲೆಸೆದ ಕಲ್ಲು ನೆಲಕ್ಕೆ ವಾಪಸ್ ಬರೋದೇ ಇಲ್ಲ.

ಹಾಗಾದ್ರೆ ಭೂಮಿಯನ್ನು ಹಿಡಿದಿರೋದು ಯಾರು? ಆನೆ, ಆಮೆ, ಹಾವು ಅಂದರೆ ಅದನ್ನು ಹಿಡಿದವರು ಯಾರು ಅಂತ ಕೇಳ್ತಾನೇ ಹೋಗಬೇಕು. ಕೊನೆಯದು ತನ್ನ ಶಕ್ತಿಯಿಂದಲೇ ನಿಂತಿದೆ ಅಂತ ಒಪ್ಪೋದಾದರೆ, ಅದನ್ನು ಮೊದಲನೆಯದಾದ ಭೂಮಿಗೇ ಯಾಕೆ ಒಪ್ಪಬಾರದು? ಬೆಂಕಿಗೆ ಬಿಸಿ ಇರುವ ಹಾಗೆ ಭೂಮಿಗೆ ಸೆಳೆಯುವ ಗುಣ ಇದೆ. ಅದು ಆಕಾಶದಲ್ಲಿರುವ ಭಾರದ ವಸ್ತುಗಳನ್ನು ತನ್ನ ಕಡೆಗೆ ಎಳೆಯುತ್ತದೆ, ನಮಗೆ ಅವು ಬಿದ್ದಂತೆ ಕಾಣುತ್ತದೆ. ಸುತ್ತಲೂ ಒಂದೇ ಥರ ಆಕಾಶ ಇರುವಾಗ ಭೂಮಿ ಎಲ್ಲಿಗೆ ಬೀಳಬೇಕು? ಭೂಮಿಯ ಆ ಬದಿಯಲ್ಲಿರುವವರಿಗೂ ತಾವೇ ಮೇಲಿದ್ದೀವಿ ಅನ್ನಿಸುತ್ತೆ, ಅವರೂ ನಮ್ಮಷ್ಟೇ ಆರಾಮಾಗಿ ಇರ್ತಾರೆ. ಕಣ್ಣಿಗೆ ಚಪ್ಪಟೆ ಕಾಣೋದು ಯಾಕೆ ಅಂದರೆ, ದೊಡ್ಡ ವೃತ್ತದ ನೂರರಲ್ಲೊಂದು ಭಾಗ ನೇರವಾಗೇ ಕಾಣುತ್ತದೆ; ಭೂಮಿ ದೊಡ್ಡದು, ಮನುಷ್ಯ ಚಿಕ್ಕವನು.

ಇಲ್ಲಿ ಸ್ವಲ್ಪ ನಿಲ್ಲೋಣ. ನ್ಯೂಟನ್‌ಗಿಂತ 500 ವರ್ಷ ಮೊದಲೇ ಗುರುತ್ವ ನಿಯಮ ಕಂಡುಹಿಡಿದರು ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದು ಸರಿಯಲ್ಲ. ಭೂಮಿ ಸೆಳೆಯುತ್ತದೆ ಅನ್ನುವ ಮಾತು ಬ್ರಹ್ಮಗುಪ್ತರಲ್ಲೂ ಇದೆ. ಚಂದ್ರನನ್ನೂ ಕಲ್ಲನ್ನೂ ಒಂದೇ ಸೂತ್ರಕ್ಕೆ ತಂದು, ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕಡಿಮೆಯಾಗುತ್ತೆ ಅಂತ ಲೆಕ್ಕ ಕೊಟ್ಟದ್ದು 1687ರ ನ್ಯೂಟನ್ ಗ್ರಂಥ. 499ರಲ್ಲೇ ಆರ್ಯಭಟರು ಭೂಮಿ ತಿರುಗುತ್ತದೆ ಅಂದಿದ್ದರೂ ಭಾಸ್ಕರರ ಭೂಮಿ ನಡುವೆ ಅಲ್ಲಾಡದೆ ನಿಂತಿದೆ. ಗ್ರಹಣ ನೆರಳಿನಿಂದ ಅಂತ ಚೆನ್ನಾಗಿ ಗೊತ್ತಿದ್ದೂ, ರಾಹು ಆ ನೆರಳಿನೊಳಗೆ ಹೊಕ್ಕುತ್ತಾನೆ ಅಂತ ಪುರಾಣದ ಜೊತೆ ರಾಜಿ ಮಾಡಿಕೊಂಡರು. ಇದನ್ನೆಲ್ಲ ಹೇಳಿದರೆ ಅವರು ಚಿಕ್ಕವರಾಗಲ್ಲ. ಕೇಳಿದ್ದನ್ನೆಲ್ಲ ಪ್ರಶ್ನಿಸಿದವರ ಹೆಸರಲ್ಲಿ ಪರೀಕ್ಷಿಸದ ಮಾತನ್ನು ಫಾರ್ವರ್ಡ್ ಮಾಡೋದೇ ಅವರಿಗೆ ಅವಮಾನ.

ಗ್ರಹದ ಆ ಕ್ಷಣದ ವೇಗವನ್ನು ಲೆಕ್ಕ ಹಾಕುವ ವಿಧಾನವೂ ಅವರಲ್ಲಿದೆ. ನಮ್ಮ ಡೆರಿವೇಟಿವ್‌ಗೆ ತೀರ ಹತ್ತಿರ. 1183ರ ಹೊತ್ತಿಗೆ, 69ರ ವಯಸ್ಸಿನಲ್ಲಿ, ಕರಣ ಕುತೂಹಲ ಬರೆದರು. ಅವರ ಮಗ ಲಕ್ಷ್ಮೀಧರ ಯಾದವ ರಾಜ ಜೈತ್ರಪಾಲನ ಆಸ್ಥಾನ ಸೇರಿದರು. ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲಿಕ್ಕೆಂದೇ ಮಠ ಕಟ್ಟಿಸಿದ; ಅದಕ್ಕೆ 1207ರಲ್ಲಿ ದತ್ತಿ ಸಿಕ್ಕ ಶಾಸನ ಚಾಳೀಸ್‌ಗಾಂವ್ ಬಳಿಯ ಪಾಟಣದಲ್ಲಿದೆ.

ಭೂಮಿಯ ಸುತ್ತಳತೆ 4967 ಯೋಜನ ಅಂತ ಅವರ ಲೆಕ್ಕ. ಯೋಜನದ ಉದ್ದ ಎಷ್ಟು ಅಂತ ತಲೆ ಕೆಡಿಸಿಕೊಳ್ಳೋದು ಬೇಡ, ವಿಧಾನ ನೋಡಿ: ನೇರ ಉತ್ತರ-ದಕ್ಷಿಣದಲ್ಲಿರುವ ಎರಡು ಊರು ತಗೊಳ್ಳಿ, ಎರಡರ ಅಕ್ಷಾಂಶದ ವ್ಯತ್ಯಾಸ ಮತ್ತು ದೂರ ಗೊತ್ತಿದ್ದರೆ ಮಿಕ್ಕಿದ್ದು ತ್ರೈರಾಶಿ. ಅಕ್ಷಾಂಶವನ್ನು ಹೇಳೋದು ಧ್ರುವ ನಕ್ಷತ್ರದ ಎತ್ತರ.

ಇದನ್ನು ನಾವೂ ಮಾಡಬಹುದು. ಬೆಂಗಳೂರು ಮತ್ತು ಬೀದರ್ ಹೆಚ್ಚುಕಮ್ಮಿ ಒಂದೇ ರೇಖಾಂಶದಲ್ಲಿವೆ. ಕುಮಾರ ಪಾರ್ಕ್‌ನ ಯಾವುದಾದರೂ ಟೆರೇಸ್ ಹತ್ತಿ ಉತ್ತರಕ್ಕೆ ನೋಡಿದರೆ ಧ್ರುವ ಸುಮಾರು 13 ಡಿಗ್ರಿ ಎತ್ತರದಲ್ಲಿ. ಅಪಾರ್ಟ್‌ಮೆಂಟು, ಬೀದಿದೀಪ ಅಡ್ಡ ಬಂದರೆ ಪಕ್ಕದ ನೆಹರೂ ತಾರಾಲಯದಲ್ಲಿ ಗುರುತು ಹಿಡಿಯೋದನ್ನು ಕಲಿತು ಊರಾಚೆ ಹೋಗಿ. ಅದೇ ಹೊತ್ತಿಗೆ ಬೀದರಿನ ಗೆಳೆಯರು ಅಳೆದರೆ ಸುಮಾರು 18 ಡಿಗ್ರಿ. ವ್ಯತ್ಯಾಸ 5. ರಸ್ತೆಯ ದೂರ ಬೇಡ, ನೇರ ದೂರ ಸುಮಾರು 550 ಕಿ.ಮೀ. 360 ಡಿಗ್ರಿಗೆ 39,600 ಕಿ.ಮೀ. ನಿಜವಾದ ಸುತ್ತಳತೆ ಸುಮಾರು 40,000.

ಬೇಕಾಗಿರೋದು ಒಂದು ಕೋನಮಾಪಕ, ದಾರ, ಕಲ್ಲು. ಬೀದರ್, ಹುಮನಾಬಾದ್ ಕಡೆಯ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಒಂದು ರಾತ್ರಿ ಅಳೆದು ಕಳಿಸಿ. ಚಪ್ಪಟೆ ಭೂಮಿಯವರ ಜೊತೆ ವಾದಕ್ಕೆ ನಮ್ಮದೇ ಅಂಕಿ ಇರಲಿ.