ಎರಡು ದಿರ್ಹಮಿನ ಮಹ್ರ್

ಮದೀನಾದ ಏಳು ಮಂದಿ ಪ್ರಖ್ಯಾತ ಕರ್ಮಶಾಸ್ತ್ರ ವಿದ್ವಾಂಸರಲ್ಲಿ ಹಝ್ರತ್ ಸಈದ್ ಬಿನ್ ಮುಸಯ್ಯಬ್(ರ) ಅಗ್ರಗಣ್ಯರು. ಹಝ್ರತ್ ಉಮರ್(ರ)ರು ಖಲೀಫರಾಗಿ ಎರಡು ವರ್ಷ ಕಳೆದಾಗ, ಅಂದರೆ ಹಿ.ಶ. 15ರ ಸುಮಾರಿಗೆ, ಕುರೈಶರ ಮಖ್ಝೂಮ್ ಗೋತ್ರದಲ್ಲಿ ಅವರ ಜನನವಾಯಿತು. ತಂದೆಯೂ ಅಜ್ಜನೂ ಸಹಾಬಿಗಳಾಗಿದ್ದರು. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಹಝ್ರತ್ ಅಬೂ ಹುರೈರಾ(ರ)ರು ಅವರಿಗೆ ಗುರುಗಳೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಒಂದೇ ಒಂದು ಹದೀಸನ್ನು ತಿಳಿಯಲು ಅವರು ಹಗಲಿರುಳು ಪ್ರಯಾಣ ಮಾಡುತ್ತಿದ್ದರು. ಹಲವು ದಶಕಗಳ ಕಾಲ ಜಮಾಅತ್ ನಮಾಝನ್ನು ತಪ್ಪಿಸಿಕೊಂಡವರಲ್ಲ.

ಇಷ್ಟು ದೊಡ್ಡ ವಿದ್ವಾಂಸರು ಜೀವನೋಪಾಯಕ್ಕೆ ಮಾಡುತ್ತಿದ್ದುದು ಎಣ್ಣೆ ವ್ಯಾಪಾರ. ಸರಕಾರದಿಂದ ಅವರಿಗೆ ಬರಬೇಕಾಗಿದ್ದ ಸಾವಿರಾರು ದಿರ್ಹಮ್‌ಗಳ ಭತ್ತೆ ಬೈತುಲ್‌ಮಾಲ್‌ನಲ್ಲಿ ಬಿದ್ದಿತ್ತು. ಆಡಳಿತಗಾರರ ಅನ್ಯಾಯವನ್ನು ಕಂಡಿದ್ದ ಅವರು ಅದನ್ನು ಮುಟ್ಟಲಿಲ್ಲ. ಇತರರ ಮುಂದೆ ಕೈಚಾಚದೆ ಮಾನದಿಂದ ಬದುಕಲು ದುಡಿಮೆ ಬೇಕೆಂಬುದು ಅವರ ನಿಲುವಾಗಿತ್ತು.

ಅವರಿಗೊಬ್ಬಳು ಮಗಳಿದ್ದಳು. ಕುರ್‌ಆನ್ ಕಂಠಪಾಠ ಮಾಡಿದ್ದ, ಸುನ್ನತ್‌ನ ಜ್ಞಾನವಿದ್ದ ರೂಪವತಿ. ಉಮವಿ ಖಲೀಫಾ ಅಬ್ದುಲ್ ಮಲಿಕ್ ತನ್ನ ಮಗ ವಲೀದ್‌ನಿಗಾಗಿ ಆ ಹೆಣ್ಣನ್ನು ಕೇಳಿದ. ಮುಂದೆ ಕ್ರಿ.ಶ. 705ರಲ್ಲಿ ಖಲೀಫನಾದ ವಲೀದ್ ಈತನೇ. ಅರಮನೆ, ಸೇವಕಿಯರು, ಚಿನ್ನ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸಈದ್(ರ) ಒಪ್ಪಲಿಲ್ಲ.

ಅವರ ದರ್ಸ್‌ಗೆ ತಪ್ಪದೆ ಬರುತ್ತಿದ್ದ ಇಬ್ನು ಅಬೀ ವದಾಅ ಎಂಬ ಬಡ ಶಿಷ್ಯ ಕೆಲವು ದಿನ ಕಾಣಿಸಲಿಲ್ಲ. ಬಂದಾಗ ವಿಚಾರಿಸಿದರೆ, ಪತ್ನಿ ತೀರಿಕೊಂಡಿದ್ದಳು. ತಿಳಿಸಿದ್ದರೆ ಜನಾಝಾಕ್ಕೆ ಬರುತ್ತಿದ್ದೆನಲ್ಲ ಎಂದು ಗುರುಗಳು ಮರುಗಿದರು. ಬಳಿಕ ಮರುಮದುವೆಯ ಬಗ್ಗೆ ಕೇಳಿದರು. ಕೈಯಲ್ಲಿ ಎರಡೋ ಮೂರೋ ದಿರ್ಹಮ್ ಬಿಟ್ಟರೆ ಏನೂ ಇಲ್ಲದ ತನಗೆ ಯಾರು ತಾನೇ ಹೆಣ್ಣು ಕೊಡುತ್ತಾರೆಂದು ಶಿಷ್ಯ ನಿಟ್ಟುಸಿರಿಟ್ಟ. ತಾವೇ ಕೊಡುವುದಾಗಿ ಗುರುಗಳು ಹೇಳಿದರು. ಅಲ್ಲಿಯೇ ಅಲ್ಲಾಹನನ್ನು ಸ್ತುತಿಸಿ, ಪ್ರವಾದಿವರ್ಯರ(ಸ) ಮೇಲೆ ಸ್ವಲಾತ್ ಹೇಳಿ, ಅದೇ ಎರಡೋ ಮೂರೋ ದಿರ್ಹಮ್ ಮಹ್ರ್‌ಗೆ ನಿಕಾಹ್ ಮಾಡಿಸಿಬಿಟ್ಟರು.

ಶಿಷ್ಯನಿಗೆ ಸಂತೋಷವೂ ಆಯಿತು, ಚಿಂತೆಯೂ ಹತ್ತಿತು. ಸಂಸಾರ ಹೂಡಲು ಯಾರಲ್ಲಿ ಸಾಲ ಕೇಳುವುದೆಂದು ಯೋಚಿಸುತ್ತಲೇ ಮನೆ ಸೇರಿದ. ಅಂದು ಉಪವಾಸವಿದ್ದ. ಮಗ್ರಿಬ್ ನಮಾಝಿನ ನಂತರ ರೊಟ್ಟಿ ಮತ್ತು ಎಣ್ಣೆ ಮುಂದಿಟ್ಟುಕೊಂಡಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಹೊರಗಿನವರು ಸಈದ್ ಎಂದು ಹೆಸರು ಹೇಳಿದರು. ಆ ಹೆಸರಿನ ಎಲ್ಲರೂ ಅವನ ನೆನಪಿಗೆ ಬಂದರು, ಗುರುಗಳೊಬ್ಬರ ಹೊರತು. ಏಕೆಂದರೆ ನಲ್ವತ್ತು ವರ್ಷಗಳಿಂದ ಅವರು ಮನೆ ಮತ್ತು ಮಸೀದಿ ಬಿಟ್ಟು ಬೇರೆಡೆ ಕಂಡವರಲ್ಲ. ಬಾಗಿಲು ತೆರೆದರೆ ಅವರೇ! ಮನಸ್ಸು ಬದಲಾಯಿಸಿರಬಹುದೆಂದು ಶಿಷ್ಯ ಅಂಜಿದ. ಮದುವೆಯಾದವನು ಒಬ್ಬನೇ ರಾತ್ರಿ ಕಳೆಯುವುದು ತಮಗೆ ಸರಿಕಾಣಲಿಲ್ಲವೆಂದು ಹೇಳಿ, ಹಿಂದೆ ನಿಂತಿದ್ದ ಮಗಳನ್ನು ಒಳಗೆ ಕಳುಹಿಸಿ ಅವರು ಹಿಂದಿರುಗಿದರು.

ನಾಚಿಕೆಯಿಂದ ಹುಡುಗಿ ಕುಸಿದು ಬಿದ್ದಳು. ಒಣ ರೊಟ್ಟಿಯ ಬಟ್ಟಲು ಅವಳ ಕಣ್ಣಿಗೆ ಬೀಳದಂತೆ ಮದುಮಗ ಅದನ್ನು ದೀಪದ ನೆರಳಿಗೆ ಸರಿಸಿದ. ಮಾಳಿಗೆ ಹತ್ತಿ ನೆರೆಯವರನ್ನು ಕೂಗಿ ಕರೆದ. ಅವನ ತಾಯಿ ಬಂದು ಮೂರು ದಿನ ಸೊಸೆಯನ್ನು ಸಿಂಗರಿಸಿದ ಮೇಲೆಯೇ ಮಗನಿಗೆ ಒಪ್ಪಿಸಿದರು.

ಒಂದು ತಿಂಗಳು ಮಾವನೂ ಬರಲಿಲ್ಲ, ಅಳಿಯನೂ ಹೋಗಲಿಲ್ಲ. ಬಳಿಕ ಅಳಿಯ ದರ್ಸ್‌ಗೆ ಹೋದಾಗ, ಜನರೆಲ್ಲ ಚದುರುವವರೆಗೆ ಕಾದು ಸಈದ್(ರ) ಮಗಳ ಯೋಗಕ್ಷೇಮ ವಿಚಾರಿಸಿದರು. ಆತ ಮನೆಗೆ ಮರಳಿದ ಮೇಲೆ 20,000 ದಿರ್ಹಮ್ ಕಳುಹಿಸಿಕೊಟ್ಟರು. ಅಳಿಯ ಕೇಳಿದ್ದಲ್ಲ, ನಿರೀಕ್ಷಿಸಿದ್ದೂ ಅಲ್ಲ. ಮದುವೆಯ ದಿನದ ಆಡಂಬರಕ್ಕೆ ಒಂದು ದಿರ್ಹಮನ್ನೂ ಖರ್ಚು ಮಾಡದ ತಂದೆ, ಸಂಸಾರ ನಿಲ್ಲಬೇಕಾದಾಗ ಕೈಬಿಡಲಿಲ್ಲ.

ಅಬ್ದುಲ್ ಮಲಿಕ್‌ನ ಪುತ್ರರಿಗೆ ಉತ್ತರಾಧಿಕಾರದ ಪ್ರತಿಜ್ಞೆ ಮಾಡಲು ನಿರಾಕರಿಸಿದ್ದಕ್ಕಾಗಿ ಮದೀನಾದ ಗವರ್ನರ್ ಹಿಶಾಮ್ ಬಿನ್ ಇಸ್ಮಾಈಲ್ ಅವರಿಗೆ ಚಾಟಿಯೇಟು ಕೊಡಿಸಿದ. ಆದರೂ ಅವರು ಬಾಗಲಿಲ್ಲ. ಹಿ.ಶ. 94ರ ಸುಮಾರಿಗೆ ಮದೀನಾದಲ್ಲೇ ನಿಧನರಾದರು.

ಈ ಘಟನೆಯನ್ನು ನಾವು ಬಡವರಿಗೆ ಸಾಂತ್ವನ ಹೇಳಲು ಬಳಸುತ್ತೇವೆ. ಆದರೆ ಇದರ ಪಾಠ ಮೊದಲು ಸಲ್ಲಬೇಕಾದುದು ಉಳ್ಳವರಿಗೆ. ಸಈದ್(ರ) ಗತಿಯಿಲ್ಲದೆ ಸರಳ ಮದುವೆ ಮಾಡಿದವರಲ್ಲ. ಖಲೀಫನ ಮನೆಯ ಬಾಗಿಲೇ ತೆರೆದಿತ್ತು. ಬಡವನು ಸರಳವಾಗಿ ಮದುವೆ ಮಾಡಿದರೆ ಊರು ಅದನ್ನು ಅಸಹಾಯಕತೆ ಎನ್ನುತ್ತದೆ. ಶ್ರೀಮಂತನೋ ವಿದ್ವಾಂಸನೋ ಜಮಾಅತ್‌ನ ಮುಖಂಡನೋ ಹಾಗೆ ಮಾಡಿದರೆ ಅದೊಂದು ಮಾದರಿಯಾಗುತ್ತದೆ. ಹಾಲ್‌ನ ಬಾಡಿಗೆಗೆ, ಬಿರಿಯಾನಿಗೆ, ವರದಕ್ಷಿಣೆಗೆಂದು ಬಡ್ಡಿ ಸಾಲ ಮಾಡಿ ಮಗಳನ್ನು ಕಳುಹಿಸಿದ ತಂದೆ ವರ್ಷಗಟ್ಟಲೆ ಆ ಸಾಲ ತೀರಿಸುತ್ತಿರುತ್ತಾನೆ. ಅವನ ಕೊರಳಿನ ಈ ಉರುಳನ್ನು ಸಡಿಲಿಸುವ ಶಕ್ತಿ ಅವನಿಗಿಂತ ಹೆಚ್ಚಾಗಿ ಅನುಕೂಲಸ್ಥರ ಕೈಯಲ್ಲಿದೆ. ಗಂಡಿನ ಕಡೆಯವರ ಕೈಯಲ್ಲಂತೂ ಇನ್ನೂ ಹೆಚ್ಚು.

ಮಗಳಿಗೆ ವರನನ್ನು ನೋಡುವಾಗ ಅವನ ಜೇಬಿಗಿಂತ ಮೊದಲು ಅವನ ದೀನನ್ನೂ ನಡತೆಯನ್ನೂ ನೋಡುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.