ಪಂಡಿತಾ ರಮಾಬಾಯಿಯವರ ಚರಿತ್ರೆ

ಇಬ್ರಿಯರ ಶಾಸ್ತ್ರದಲ್ಲಿ ಎರಡು ಕಟ್ಟಳೆಗಳು ಜೊತೆಜೊತೆಯಾಗಿ ನಡೆಯುತ್ತವೆ. ತಂದೆತಾಯಿಗಳನ್ನು ಸನ್ಮಾನಿಸಿ ಸ್ವಂತ ಮನೆತನವನ್ನು ಕೈಬಿಡಬಾರದೆಂಬದು ಒಂದು. ಪರದೇಶಿಯನ್ನೂ ಅನಾಥನನ್ನೂ ವಿಧವೆಯನ್ನೂ ಪರಾಮರಿಸಬೇಕೆಂಬದು ಇನ್ನೊಂದು. ಹೊರಗಿನವರಿಗೆ ಕೊಟ್ಟದ್ದು ಮನೆಯವರ ತುತ್ತಿನಿಂದ ಕಡಿಮೆಯಾಗುವದೆಂದು ಎಣಿಸಿ, ಈ ಎರಡು ಕಟ್ಟಳೆಗಳೂ ಒಂದಕ್ಕೊಂದು ವಿರುದ್ಧವೆಂದು ನೆನಸುವವರು ಅನೇಕರುಂಟು. ರೂತಳ ಪುಸ್ತಕವು ಇದಕ್ಕೆ ತಕ್ಕ ಉತ್ತರವಾಗಿದೆ.

ಬೇತ್ಲೆಹೇಮಿನಲ್ಲಿ ಬರಬಿದ್ದದರಿಂದ ನೊವೊಮಿಯು ಗಂಡನೊಡನೆಯೂ ಇಬ್ಬರು ಗಂಡುಮಕ್ಕಳೊಡನೆಯೂ ಮೋವಾಬ ದೇಶಕ್ಕೆ ಹೋಗಿ, ಅಲ್ಲಿ ಆ ಮೂವರನ್ನೂ ಕಳಕೊಂಡಳು. ಮೋವಾಬ್ಯಳಾದ ಸೊಸೆ ರೂತಳು ಅತ್ತೆಯನ್ನು ಬಿಡದೆ ಅವಳ ಊರಿಗೆ ಬಂದು, ಜವೆಗೋಧಿಯ ಸುಗ್ಗಿಯಲ್ಲಿ ಬೋವಜನ ಹೊಲಕ್ಕೆ ಹಕ್ಕಲಾಯಲು ಹೋದಳು. ಹೊಲದ ಅಂಚನ್ನು ಪೂರಾ ಕೊಯ್ಯಬಾರದು, ಮರೆತ ಸಿವುಡನ್ನು ತರಲು ಹಿಂದಿರುಗಬಾರದು, ಅದು ಪರದೇಶಿಗೂ ವಿಧವೆಗೂ ಸೇರತಕ್ಕದ್ದೆಂದು ಯಾಜಕಕಾಂಡ ೧೯ರಲ್ಲಿಯೂ ಧರ್ಮೋಪದೇಶಕಾಂಡ ೨೪ರಲ್ಲಿಯೂ ವಿಧಿಯಿದೆ. ಮೋವಾಬ್ಯರನ್ನು ಸಭೆಯೊಳಗೆ ಸೇರಿಸಬಾರದೆಂಬ ಕಠಿಣವಾದ ಮಾತೂ ಅದೇ ಧರ್ಮೋಪದೇಶಕಾಂಡದ ೨೩ರಲ್ಲಿ ಉಂಟು. ಆದರೂ ಈ ಮೋವಾಬ್ಯಳು ಬೋವಜನ ಹೆಂಡತಿಯಾಗಿ ದಾವೀದನ ಮುತ್ತಜ್ಜಿಯಾದಳು. ಬೋವಜನು ಸತ್ತ ಬಂಧುವಿನ ಹೆಸರನ್ನು ಉಳಿಸಿದನು. ಹಾಗೆ ಮಾಡುವಾಗಲೇ ಪರದೇಶಿಯನ್ನು ಮನೆಗೆ ಸೇರಿಸಿಕೊಂಡನು. ಎರಡು ಧರ್ಮಗಳೂ ಒಂದೇ ಹೊಲದಲ್ಲಿ ಕೂಡಿದವು.

ಇಬ್ರಿಯ ಭಾಷೆಯನ್ನು ಕಲಿತು ಈ ಶಾಸ್ತ್ರವನ್ನು ಮರಾಠಿಗೆ ತಂದ ಒಬ್ಬ ವಿಧವೆಯ ಚರಿತ್ರೆಯನ್ನು ನಾವು ಈಗ ಹೇಳುವೆವು. ಆಕೆ ನಮ್ಮ ಕನ್ನಡ ಸೀಮೆಯಲ್ಲಿಯೇ ಹುಟ್ಟಿದವರು. ಆಕೆಯ ಕೆಲಸವು ನಮ್ಮ ಕಲಬುರಗಿಯ ವರೆಗೂ ಬಂದಿತು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಗಸರಿಗೆ ಸಂಸ್ಕೃತ ಸಲ್ಲದೆಂದು ಜನರು ಆಕ್ಷೇಪಿಸಲಾಗಿ, ಅವರು ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ೧೮೫೮ನೆಯ ಏಪ್ರಿಲ್ ೨೩ರಲ್ಲಿ ರಮಾಬಾಯಿಯವರು ಅಲ್ಲಿಯೇ ಹುಟ್ಟಿದರು. ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕುತ್ತಿದ್ದದರಿಂದ ಶಾಸ್ತ್ರಿಗಳ ಆಸ್ತಿಯು ಕರಗಿತು. ಕೂಸಿಗೆ ಆರು ತಿಂಗಳಾಗುವಾಗ ಸಂಸಾರವು ಆ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೋದರು. ಅಂದಿನಿಂದ ಊರೂರಿಗೆ ಹೋಗಿ ಪುರಾಣ ಹೇಳುವದೇ ಅವರ ಜೀವನವಾಯಿತು. ಮಗಳಿಗೆ ತಾಯಿಯೇ ಗುರುವಾದಳು.

ಬಳಿಕ ಮದ್ರಾಸು ಸೀಮೆಯಲ್ಲಿ ಬರವು ಬಂದಿತು. ಕೂಲಿ ಕೆಲಸವನ್ನು ಅರಿಯದೆ, ಬೇಡುವದಕ್ಕೆ ನಾಚಿ, ಆ ಸಂಸಾರವು ಹಸಿವೆಯಿಂದ ಕುಂದಿತು. ಮೊದಲು ತಂದೆಯೂ ಆಮೇಲೆ ತಾಯಿಯೂ ಅನಂತರ ಅಕ್ಕನೂ ತೀರಿಹೋದರು. ತಾಯಿಯ ಚಟ್ಟ ಹೊರಲು ಜನ ಸಾಲದೆಹೋದದರಿಂದ, ಅಣ್ಣ ಶ್ರೀನಿವಾಸಶಾಸ್ತ್ರಿಯೊಡನೆ ರಮಾಬಾಯಿಯವರೂ ಹೆಗಲು ಕೊಡಬೇಕಾಯಿತು. ಅವರು ಗಿಡ್ಡಾಗಿದ್ದದರಿಂದ ಅದನ್ನು ತಲೆಯ ಮೇಲೆ ಹೊತ್ತರು. ಆಮೇಲೆ ಅಣ್ಣತಂಗಿಯರಿಬ್ಬರೂ ಸಾವಿರಾರು ಮೈಲು ಕಾಲ್ನಡೆಯಾಗಿ ತಿರುಗಿ ಕಾಶ್ಮೀರದ ಕಡೆಗೂ ಹೋದರು. ಹೊದಿಕೆಯಿಲ್ಲದೆ ಝೇಲಂ ನದಿಯ ದಡದಲ್ಲಿ ಕುಣಿ ತೋಡಿ, ಅದರಲ್ಲಿ ಮಲಗಿ ಮೈಮೇಲೆ ಒಣಮರಳನ್ನು ಎಳೆದುಕೊಂಡು ಚಳಿಯಿಂದ ತಪ್ಪಿಸಿಕೊಂಡರು. ಒಬ್ಬರನ್ನೊಬ್ಬರು ಬಿಡಲಿಲ್ಲ.

೧೮೭೮ರಲ್ಲಿ ಅವರು ಕಲಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದು ಕೊಟ್ಟರು. ೧೮೮೦ರಲ್ಲಿ ಅಣ್ಣನು ಮರಣಹೊಂದಿದನು. ಅದೇ ವರುಷ ಅವರು ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು, ಜಾತಿಯ ಕಟ್ಟನ್ನು ಮೀರಿ, ಸರಕಾರಿ ಕಾನೂನಿನ ಮೇರೆಗೆ ಮದುವೆಯಾದರು. ೧೮೮೧ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. ೧೮೮೨ನೆಯ ಫೆಬ್ರವರಿಯಲ್ಲಿ ಗಂಡನು ಕಾಲರಾ ರೋಗದಿಂದ ಸತ್ತನು. ಇಪ್ಪತ್ತಮೂರು ವರುಷದ ವಿಧವೆ, ವರುಷ ತುಂಬದ ಕೂಸು, ಸುತ್ತಲೂ ಪರಭಾಷೆಯ ಜನ: ನೊವೊಮಿಯ ನಷ್ಟವೂ ರೂತಳ ಪರದೇಶವಾಸವೂ ಒಬ್ಬರ ಮೇಲೆಯೇ ಬಿದ್ದವು.

ಅವರು ಪುಣೆಗೆ ಬಂದು ೧೮೮೨ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ೧೮೮೩ರಲ್ಲಿ ಇಂಗ್ಲೆಂಡಿಗೆ ಹೋಗಿ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ೧೮೮೬ರಲ್ಲಿ ಅಮೇರಿಕಕ್ಕೆ ಹೋಗಿ ಈ ದೇಶದ ಬಾಲವಿಧವೆಯರ ಸ್ಥಿತಿಯನ್ನು ಅಲ್ಲಿಯವರಿಗೆ ತಿಳಿಸಿ, ೧೮೮೯ನೆಯ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮುಂದಿನ ವರುಷ ಅದು ಪುಣೆಗೆ ಬಂದಿತು. ಕೆಲವು ಹುಡುಗಿಯರ ಮನಸ್ಸು ಕ್ರೈಸ್ತಮತಕ್ಕೆ ತಿರುಗಿತೆಂಬ ಕಾರಣದಿಂದ ೧೮೯೩ರಲ್ಲಿ ಊರಲ್ಲಿ ಗದ್ದಲವಾಗಿ, ಪೋಷಕರು ಅನೇಕ ಹುಡುಗಿಯರನ್ನು ಹಿಂದಕ್ಕೆ ಕರಕೊಂಡರು. ಆದರೂ ಅವರು ಮನೆಯ ಬಾಗಿಲನ್ನು ಮುಚ್ಚಲಿಲ್ಲ.

೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಕ್ಷಾಮ ಬಿದ್ದಿತು. ಬರಗಾಲದಲ್ಲಿ ಹೆತ್ತವರನ್ನು ಕಳಕೊಂಡಿದ್ದ ಅವರು ಸುಮ್ಮನಿರಲಾರದೆ ತಾವೇ ಅಲ್ಲಿಗೆ ಹೋಗಿ, ಮುನ್ನೂರರಷ್ಟು ವಿಧವೆಯರನ್ನೂ ಹುಡುಗಿಯರನ್ನೂ ಕಾಪಾಡಿ ತಂದರು. ಪುಣೆಯ ಸಮೀಪದ ಕೇಡಗಾಂವಿನ ಹೊಲವೇ ಅವರಿಗೆ ಆಶ್ರಯವಾಯಿತು. ಅದಕ್ಕೆ ಮುಕ್ತಿಯೆಂದು ಹೆಸರಿಟ್ಟರು. ಗುಜರಾತದ ಕ್ಷಾಮವೂ ಸೇರಿ ೧೯೦೦ರ ಹೊತ್ತಿಗೆ ಅಲ್ಲಿ ಸಾವಿರದ ಐನೂರು ಮಂದಿ ಇದ್ದರು. ನಾನಾ ಜಾತಿಯ, ನಾನಾ ಭಾಷೆಯ ಹೆಂಗಸರು ಒಕ್ಕಲುತನವನ್ನೂ ನೇಯ್ಗೆಯನ್ನೂ ಅಚ್ಚಿನ ಕೆಲಸವನ್ನೂ ಕಲಿತರು. ಮನೋರಮೆಯವರು ಕುರುಡರ ಬ್ರೈಲ್ ಲಿಪಿಯನ್ನು ಕಲಿತು ಅಲ್ಲಿಯ ಕುರುಡಿಯರಿಗೆ ಓದು ಹೇಳಿಕೊಟ್ಟರು. ಮಗಳಿಗೆ ತಾಯಿಯು ಬಿಟ್ಟ ಬದುಕು ಇದೇ: ಪರರ ಮಕ್ಕಳೊಡನೆ ಹಂಚಿಕೊಂಡ ಮನೆ.

ಮುಂಬಯಿಯಿಂದ ರಾಯಚೂರಿಗೆ ಬರುವ ರೈಲುದಾರಿಯು ಕೇಡಗಾಂವನ್ನೂ ಸೊಲ್ಲಾಪುರವನ್ನೂ ದಾಟಿ ಕಲಬುರಗಿ, ಶಹಾಬಾದ, ವಾಡಿಗಳಿಗೆ ಮುಟ್ಟುವದು. ವಾಡಿಯಿಂದ ಇನ್ನೊಂದು ದಾರಿಯು ಚಿತ್ತಾಪುರ, ಸೇಡಂಗಳಿಗೆ ಹೋಗುವದು. ಈ ಸೀಮೆಯು ೧೯೪೮ರ ವರೆಗೆ ನಿಜಾಮರ ರಾಜ್ಯದಲ್ಲಿತ್ತು. ಹೆಣ್ಣುಮಕ್ಕಳಿಗೆ ಶಾಲೆಗಳು ವಿರಳವಾಗಿದ್ದ ಆ ಕಾಲದಲ್ಲಿ, ೧೯೧೨-೧೩ರ ಸುಮಾರಿಗೆ, ರಮಾಬಾಯಿಯವರು ಕಲಬುರಗಿಯಲ್ಲಿ ಶಾಲೆಯನ್ನು ತೆರೆದು ಮನೋರಮೆಯವರನ್ನು ಅದಕ್ಕೆ ಮುಖ್ಯಸ್ಥರಾಗಿ ಕಳುಹಿಸಿದರು. ಇದ್ದ ಒಬ್ಬಳೇ ಮಗಳನ್ನು ಅವರು ನಮ್ಮ ಸೀಮೆಗೆ ಕೊಟ್ಟರೆಂಬದನ್ನು ನಾವು ಮರೆಯಬಾರದು.

ಇದೆಲ್ಲದರ ಮಧ್ಯದಲ್ಲಿ ಅವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಬರೆದರು. ೧೯೨೧ನೆಯ ಜುಲೈಯಲ್ಲಿ ಮನೋರಮೆಯವರು ತೀರಿಕೊಂಡರು. ಆ ದುಃಖದಲ್ಲಿಯೂ ತಾಯಿಯು ಬರಹವನ್ನು ಬಿಡದೆ ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಲ್ಲಿ ನಿದ್ರೆಹೋದರು. ಮುಕ್ತಿಯ ಹೆಂಗಸರು ಮೊಳೆ ಜೋಡಿಸಿದ ಆ ಬೈಬಲು ೧೯೨೪ರಲ್ಲಿ ಪೂರ್ಣವಾಗಿ ಹೊರಬಂದಿತು.

ಪ್ರಿಯ ವಾಚಕರೇ, ತಾಯಿಯ ಚಟ್ಟವನ್ನು ಹೊತ್ತ ತಲೆಯೇ ಪರರ ಮಕ್ಕಳ ಭಾರವನ್ನೂ ಹೊತ್ತಿತು. ಸ್ವಜನರನ್ನು ಪ್ರೀತಿಸಿ ಕಳಕೊಂಡವರಿಗೆ ದಿಕ್ಕಿಲ್ಲದವರ ನೋವು ತಿಳಿಯುವದು. ಶಹಾಬಾದಿನ ಕಲ್ಲುಗಣಿಗೂ ವಾಡಿಯ ಸಿಮೆಂಟು ಕೆಲಸಕ್ಕೂ ದೂರದಿಂದ ಬಂದ ಸಂಸಾರಗಳುಂಟು. ಚಿಂಚೋಳಿಯ ಹಳ್ಳಿಯಲ್ಲಿಯೂ ತವರು ಬಿದ್ದುಹೋದ ಸೊಸೆಯಂದಿರುಂಟು. ಮೊದಲು ನಮ್ಮವರೆಂದು ಹೇಳುವದು ತಪ್ಪಲ್ಲ. ನಮ್ಮವರೇ ಸಾಕೆಂದು ಹೇಳುವದು ತಪ್ಪು. ಹೊಲವನ್ನೇ ಬಿಟ್ಟುಕೊಡೆಂದು ಶಾಸ್ತ್ರವು ಯಾರಿಗೂ ವಿಧಿಸಲಿಲ್ಲ; ಅಂಚನ್ನು ಕೊಯ್ಯದಿರು ಎಂದಿತು. ನಮ್ಮ ನಮ್ಮ ಮನೆಯಲ್ಲಿ ಆ ಅಂಚು ಯಾವದು, ಅದನ್ನು ನಾವು ಯಾರಿಗಾಗಿ ಉಳಿಸಿದ್ದೇವೆಂಬದನ್ನು ಈ ಸುಗ್ಗಿಯಲ್ಲಿ ಒಬ್ಬೊಬ್ಬರೂ ವಿಚಾರಿಸಿಕೊಳ್ಳೋಣ.