ಶಾಲೆಯನ್ನೇ ಅಂಗಳಕ್ಕೆ ತಂದ ತಾಯಿ ತಾರಾಬಾಯಿ ಮೋಡಕ್



ಬೆಳ್ಳಿಹಬ್ಬದ ಸಂಚಿಕೆಗೆ ನೀನೂ ಏನಾದರೂ ಬರೆದುಕೊಡು ಅಂತ ಸಂಪಾದಕ ಸಮಿತಿಯವರು ಗಂಟುಬಿದ್ದರು. ಹಸು, ಹಿಂಡಿ, ಹಾಲಿನ ಲೆಕ್ಕ ಬರೆಯೋರು ಬೇರೆ ಇದ್ದಾರೆ. ನಾನು ನನ್ನದೊಂದು ತಪ್ಪು ಹೇಳಿಕೊಂಡು ಶುರು ಮಾಡುತ್ತೇನೆ. ಹೋದ ವರ್ಷ ನಮ್ಮ ನಿರ್ದೇಶಕರ ಸಭೆಯಲ್ಲಿ, ಊರಿನ ಅಂಗನವಾಡಿಗೆ ಸಂಘದ ಕಡೆಯಿಂದ ಜಮಖಾನೆ, ಆಟದ ಸಾಮಾನು ಕೊಡಿಸುವ ವಿಷಯ ಬಂತು. ಅಲ್ಲಿ ಮಕ್ಕಳು ಉಪ್ಪಿಟ್ಟು ತಿಂದು ಮಲಗೋದು ಬಿಟ್ಟರೆ ಇನ್ನೇನಿದೆ, ಸಂಘದ ದುಡ್ಡು ಯಾಕೆ ಅಂತ ಮೊದಲು ಬಾಯಿ ಹಾಕಿದವನು ನಾನೇ. ವಿಷಯ ಅಲ್ಲಿಗೇ ನಿಂತುಹೋಯಿತು. ಆಮೇಲೆ ಈ ಅಂಗನವಾಡಿ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಬಲ್ಲವರನ್ನು ಕೇಳಿ, ಓದಿ ನೋಡಿದೆ. ಆಗ ಸಿಕ್ಕಿದ್ದು ತಾರಾಬಾಯಿ ಮೋಡಕ್ ಅವರ ಜೀವನ.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಹುಟ್ಟಿದರು. ತಂದೆತಾಯಿ ಪ್ರಾರ್ಥನಾ ಸಮಾಜದ ಸುಧಾರಣೆಯ ವಿಚಾರ ಒಪ್ಪಿದವರು. ಹೆಣ್ಣುಮಕ್ಕಳಿಗೆ ನಾಲ್ಕಕ್ಷರವೇ ಹೆಚ್ಚು ಅನ್ನುತ್ತಿದ್ದ ಕಾಲದಲ್ಲಿ, 1914ರಲ್ಲೇ ಅವರು ಬಿ.ಎ. ಪಾಸು ಮಾಡಿದರು. ಅಮರಾವತಿಯ ವಕೀಲರೊಬ್ಬರ ಜೊತೆ ಮದುವೆಯಾಯಿತು, ಆದರೆ ಸಂಸಾರ ಕೂಡಿಬರಲಿಲ್ಲ. 1921ರಲ್ಲಿ ಬೇರೆಯಾದರು. ಆ ಕಾಲದಲ್ಲಿ ಗಂಡನ ಮನೆ ಬಿಟ್ಟ ಹೆಣ್ಣನ್ನು ಜನ ಹೇಗೆ ನೋಡುತ್ತಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಅವರು ಎದೆಗುಂದಲಿಲ್ಲ. ರಾಜಕೋಟೆಯಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು.

ಒಳ್ಳೆಯ ಹುದ್ದೆ, ಒಳ್ಳೆಯ ಸಂಬಳ. ಅದನ್ನು ಬಿಟ್ಟು ಅವರು ಭಾವನಗರಕ್ಕೆ ಹೋದರು. ಅಲ್ಲಿ ಗಿಜುಭಾಯಿ ಬಧೇಕಾ ಎಂಬ ದೊಡ್ಡ ಮನುಷ್ಯರಿದ್ದರು. ವಕೀಲಿ ಬಿಟ್ಟು ಮಕ್ಕಳ ಮೇಷ್ಟ್ರಾದವರು. ಜನ ಅವರನ್ನು ಮೀಸೆಯ ತಾಯಿ ಅಂತ ಪ್ರೀತಿಯಿಂದ ಕರೆಯುತ್ತಿದ್ದರು. 1920ರಲ್ಲಿ ಅವರು ತೆರೆದ ಬಾಲಮಂದಿರದಲ್ಲಿ ಹೊಡೆತವಿಲ್ಲ, ಗದರಿಕೆಯಿಲ್ಲ. ಮಗು ಆಡುತ್ತ, ಹಾಡುತ್ತ, ಕಥೆ ಕೇಳುತ್ತ ಕಲಿಯಬೇಕು ಅನ್ನೋದು ಅವರ ದಾರಿ. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಕಟ್ಟಿದರು, ಪತ್ರಿಕೆ ನಡೆಸಿದರು. ಮುಂದೆ 1936ರಲ್ಲಿ ತಾರಾಬಾಯಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರ ಶುರುಮಾಡಿದರು. 1939ರಲ್ಲಿ ಗಿಜುಭಾಯಿ ತೀರಿಕೊಂಡರು.

ಇಷ್ಟೇ ಆಗಿದ್ದರೆ ಪಟ್ಟಣದವರ ಮಕ್ಕಳ ಟೀಚರಾಗಿ ಅವರ ಹೆಸರು ಉಳಿಯುತ್ತಿತ್ತು. ಆದರೆ ಹಳ್ಳಿಯ ಬಡವರ ಮಕ್ಕಳ ಗತಿಯೇನು ಅನ್ನೋ ಪ್ರಶ್ನೆ ಅವರನ್ನು ಬಿಡಲಿಲ್ಲ. 1945ರಲ್ಲಿ, 53ರ ವಯಸ್ಸಿನಲ್ಲಿ, ಮುಂಬಯಿಗೆ ಉತ್ತರದ ಕಡಲಂಚಿನ ಬೋರ್ಡಿ ಎಂಬ ಹಳ್ಳಿಗೆ ಹೋದರು. ಜೊತೆಗೆ ನಿಂತವರು ಅನುತಾಯಿ ವಾಘ್. ಬಾಲವಾಡಿ ತೆರೆದರು. ಬಡವರ ಕೇರಿಯ ಮಕ್ಕಳು ಬರಲಿಲ್ಲ. ತಾಯಂದಿರು ಬೆಳಕು ಹರಿಯುವ ಮುಂಚೆಯೇ ಕೂಲಿಗೆ ಹೋಗುವವರು. ಮಕ್ಕಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ ಕಳಿಸೋರು ಯಾರು?

ಬೇರೆಯವರಾಗಿದ್ದರೆ ಈ ಜನ ಉದ್ಧಾರ ಆಗೋಲ್ಲ ಅಂತ ಬೈದು ಸುಮ್ಮನಾಗುತ್ತಿದ್ದರು. ತಾರಾಬಾಯಿ ಹಾಗೆ ಮಾಡಲಿಲ್ಲ. ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಮಗುವಿನ ಹತ್ತಿರ ಹೋಗಬೇಕು ಅಂದುಕೊಂಡು ಕೇರಿಗೇ ನಡೆದರು. ಮನೆ ಮುಂದಿನ ಅಂಗಳ ಗುಡಿಸಿದರು, ಮಕ್ಕಳ ಮೈ ತೊಳೆದರು, ಉಗುರು ಕತ್ತರಿಸಿದರು, ಅಲ್ಲೇ ಹಾಡು, ಕಥೆ, ಆಟ. ಹೊರದೇಶದ ಮಾದರಿಯ ಆಟದ ಸಾಮಾನಿಗೆ ಬೆಲೆ ಜಾಸ್ತಿ. ಅದಕ್ಕೆ ಬದಲಾಗಿ ಬೆಣಚುಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜ. ಎಣಿಕೆ, ಬಣ್ಣ, ಆಕಾರ ಎಲ್ಲಾ ಅದರಲ್ಲೇ. ಅಂಗಳದ ಆ ಶಾಲೆಯೇ ಅಂಗನವಾಡಿ.

1957ರಲ್ಲಿ ಹತ್ತಿರದ ಕೋಸಬಾಡ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋದರು. ಅಲ್ಲಿ ದೊಡ್ಡ ಮಕ್ಕಳು ದನ ಕಾಯಲು ಹೋಗುತ್ತಿದ್ದರು. ಸರಿ, ದನ ಮೇಯುವ ಹುಲ್ಲುಗಾವಲಿನಲ್ಲೇ ಪಾಠ. ಅಕ್ಕ ಅನ್ನಿಸಿಕೊಂಡ ಹುಡುಗಿ ಕೂಸನ್ನು ಎತ್ತಿಕೊಂಡು ಕೂರಬೇಕಾಗಿತ್ತು. ಸರಿ, ಕೂಸಿಗೂ ಅಲ್ಲೇ ತೊಟ್ಟಿಲಮನೆ, ಪಕ್ಕದಲ್ಲೇ ಬಾಲವಾಡಿ, ಅದರ ಪಕ್ಕ ಪ್ರಾಥಮಿಕ ಶಾಲೆ. 1962ರಲ್ಲಿ ಸರ್ಕಾರ ಪದ್ಮಭೂಷಣ ಕೊಟ್ಟಿತು. 1973ರ ಆಗಸ್ಟ್ 31ರಂದು, 81ರ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ಅನುತಾಯಿಯವರು ಕೆಲಸವನ್ನು ಮುಂದುವರಿಸಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಆ ಕೇಂದ್ರಗಳಿಗೆ ಅಂಗನವಾಡಿ ಅನ್ನೋ ಹೆಸರೇ ನಿಂತಿತು.

ಬಾಂಧವರೇ, ನಮ್ಮ ಸಂಘದ ಕಥೆಯೂ ಇದೇ ಅಲ್ಲವೇ? ಹಿಂದೆ ಎರಡು ಲೀಟರ್ ಹಾಲು ಹಿಡಿದು ಪೇಟೆಯ ಹೋಟೆಲುಗಳ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಡೇರಿ ನಮ್ಮ ಊರಿಗೇ ಬಂದ ಮೇಲೆ ಬದುಕು ನೇರವಾಯಿತು. ನಮಗೆ ಬಾಗಿಲಿಗೆ ಬಂದ ಸಹಾಯ ಬೇಕು, ಮಕ್ಕಳಿಗೆ ಮಾತ್ರ ದಂಡ ಅನ್ನೋದು ಯಾವ ನ್ಯಾಯ? ಕರು ಚೆನ್ನಾಗಿ ಬೆಳೆದರೆ ಹಸು ಚೆನ್ನಾಗಿ ಕರೆಯುತ್ತದೆ ಅಂತ ಬಲ್ಲ ನಾವು, ಮಗುವಿನ ವಿಷಯದಲ್ಲಿ ಅದನ್ನು ಮರೆತಿದ್ದೆವು. ಮೊನ್ನೆ ಅಂಗನವಾಡಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದೆ. ನಮ್ಮ ಟೀಚರಮ್ಮ ಹುಣಸೆಬೀಜ ಹರಡಿಕೊಂಡು ಮಕ್ಕಳಿಗೆ ಎಣಿಸುವುದನ್ನು ಹೇಳಿಕೊಡುತ್ತಿದ್ದರು. ಮಕ್ಕಳು ಕೂತಿದ್ದದ್ದು ಬರಿ ನೆಲದ ಮೇಲೆ.

ಮುಂದಿನ ಸಭೆಯಲ್ಲಿ ಆ ಜಮಖಾನೆ ವಿಷಯವನ್ನು ನಾನೇ ಮಂಡಿಸುತ್ತೇನೆ. ತಾವೆಲ್ಲರೂ ಕೈ ಎತ್ತಬೇಕು ಅಂತ ಕೇಳಿಕೊಂಡು, ನನ್ನ ನಾಲ್ಕು ಮಾತು ಮುಗಿಸುತ್ತೇನೆ.